ಹಿರಿಯೂರಿಗೆ ರೈಲು ಬಂದ ಚಳಿಗಾಲ

ನಿವೃತ್ತನಾದ ಸ್ಟೇಷನ್ ಮಾಸ್ತರನಿಗೆ ಸ್ಟೇಷನ್ನಿನಲ್ಲಿ ಏನೂ ಕೆಲಸವಿರುವುದಿಲ್ಲ. ಆದರೂ ನಾನು ದಿನಾ ಬೆಳಿಗ್ಗೆ ಚಿಕ್ಕಜಾಜೂರು ಜಂಕ್ಷನ್ನಿಗೆ ಹೋಗಿ, ಗಾಡಿಗಳು ನನ್ನ ಅನುಮತಿಯಿಲ್ಲದೆಯೇ ಬಂದು ಹೋಗುವುದನ್ನು ನೋಡಿ, ತಕ್ಕಮಟ್ಟಿಗೆ ಅಸಮಾಧಾನಪಟ್ಟು, ಮನೆಗೆ ಬಂದು ಕಾಫಿ ಕುಡಿಯುತ್ತೇನೆ. ಮೊನ್ನೆ ಹಾಗೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿದ್ದಾಗ ಗೂಡ್ಸೊಂದು ಬಂದು ಜೋರಾಗಿ ಬ್ರೇಕು ಹಿಡಿಯಿತು. ಗಾಲಿಗಳಿಂದ ಕಾದ ಕಬ್ಬಿಣದ ವಾಸನೆ ಎದ್ದು ಮುಖಕ್ಕೆ ಬಡಿಯಿತು. ಅದು ಜೀವಮಾನವೆಲ್ಲ ಉಸಿರಾಡಿದ ವಾಸನೆ. ಆದರೆ ಈಗೀಗ ಅದು ನನ್ನನ್ನು ಚಿಕ್ಕಜಾಜೂರಿನಲ್ಲಿ ನಿಲ್ಲಗೊಡುವುದಿಲ್ಲ. ಭೂಮಿಯ ಕೆಳತುದಿಯಲ್ಲಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಊರಿನ ಹೊರವಲಯದಲ್ಲಿ, ಸಮುದ್ರದ ಮಗ್ಗುಲಿಗಿರುವ ಒಂದು ಪುಟ್ಟ ಸ್ಟೇಷನ್ನಿಗೆ ಒಯ್ದು ನಿಲ್ಲಿಸುತ್ತದೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿ ಗಿರಿಜೆಯೂ ಅಲ್ಲಿ ಒಂದು ಇಡೀ ಚಳಿಗಾಲ ಕಳೆದೆವು.

ನಮಗೆ ಒಬ್ಬಳೇ ಮಗಳು, ಶಶಿಕಲಾ. ಚಿತ್ರದುರ್ಗದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಮುಂದೆ ಓದುತ್ತೇನೆಂದು ಆ ದೇಶಕ್ಕೆ ಹೋದವಳು, ಓದಾದ ಮೇಲೆ ಅಲ್ಲಿಯೇ ಲೋಕಲ್ ರೈಲಿನಲ್ಲಿ ಟಿಕೆಟ್ ನೋಡುವ ಕೆಲಸಕ್ಕೆ ಸೇರಿದಳು. ಮಗಳು ರೈಲ್ವೆಗೇ ಬಂದಳಲ್ಲ ಎಂದು ನಾನು ಒಳಗೊಳಗೆ ಹಿಗ್ಗಿದ್ದೆ. ಒಂದು ದಿನ ಫೋನಿನಲ್ಲಿ, ಈರುಳ್ಳಿ ರೇಟು ತಿಳಿಸುವ ದನಿಯಲ್ಲಿ, "ಅಪ್ಪಾಜಿ, ಗಾಡಿ ಓಡಿಸೋ ಟ್ರೈನಿಂಗಿಗೆ ನನ್ನ ತಗಂಡವ್ರೆ" ಎಂದಳು.

ಈ ಸುದ್ದಿಯ ಗಾಂಭೀರ್ಯ ಓದುಗರಿಗೆ ತಿಳಿಯಬೇಕಾದರೆ ರೈಲ್ವೆಯ ಒಳಜಾತಿಗಳ ಪರಿಚಯ ಇರಬೇಕು. ನಾನು ಗಾಡಿಗಳನ್ನು ಕಳಿಸಿದವನು, ಓಡಿಸಿದವನಲ್ಲ. ಈ ಎರಡು ಪಂಗಡಗಳ ನಡುವೆ ಚಹಾದ ಬಳಕೆ ಉಂಟು, ಗೌರವದ ಬಳಕೆ ಅಷ್ಟಕ್ಕಷ್ಟೆ. ಡ್ರೈವರುಗಳ ಲೆಕ್ಕದಲ್ಲಿ ನಾವು ಬಾವುಟ ಹಿಡಿದ ಗುಮಾಸ್ತರು. ನಮ್ಮ ಲೆಕ್ಕದಲ್ಲಿ ಅವರು ಏನೆಂಬುದನ್ನು ಇಲ್ಲಿ ಬರೆಯುವುದು ಬೇಡ. ಈಗ ನಮ್ಮ ಮನೆಯಲ್ಲೇ ಒಬ್ಬಳು ಪಕ್ಷಾಂತರ ಮಾಡಿದ್ದಳು. ನಾನು ಮೂರು ದಿನ ಮೌನವಾಗಿದ್ದು, ನಾಲ್ಕನೆಯ ದಿನ ಊರೆಲ್ಲ ಸುತ್ತಿ ಹೇಳಿ ಬಂದೆ.

ಗಿರಿಜೆಯ ಅಣ್ಣ ತಿಪ್ಪೇಸ್ವಾಮಿ ಬಾಗೂರಿನವರು, ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ತೂಕ ಹಾಕದೆ ಯಾವುದನ್ನೂ ನಂಬದ ಮನುಷ್ಯ. ನಾವು ಮಗಳ ಹತ್ತಿರ ಹೊರಟಿದ್ದೇವೆಂದು ತಿಳಿದು ಚಿಕ್ಕಜಾಜೂರಿಗೇ ಬಂದು ಜಗಲಿಯ ಮೇಲೆ ಕೂತರು.

"ಏನಪ್ಪ ಮಾಸ್ತರೇ, ನಮ್ ಹುಡುಗಿ ರೈಲು ಓಡಿಸ್ತಾಳೆ ಅಂತ ಊರ್ತುಂಬ ಸಾರ್ಕಂಡ್ ಬಂದಿಯಂತೆ."

"ಹೌದು ಭಾವ. ಟ್ರೈನಿಂಗ್ ನಡೀತೈತೆ."

"ಅಷ್ಟು ದೂರ ಹೋಗಿ ಡ್ರೈವರ್ ಕೆಲ್ಸನಾ? ನಮ್ ತಮ್ಮಯ್ಯನ ಮಗ ಹಿರಿಯೂರ್ ಡಿಪೋದಾಗೆ ಬಸ್ ಓಡಿಸ್ತಾನೆ, ಪಾಸ್‌ಪೋರ್ಟ್ ಕೇಳಿಲ್ಲ ಅವನ್ನ ಯಾರೂ."

"ರೈಲೇ ಬೇರೆ, ಬಸ್ಸೇ ಬೇರೆ ಭಾವ."

"ಆತಪ್ಪ. ಹೆಂಗೂ ಹೊಂಟಿದೀರ. ಆಕಿ ಓಡ್ಸೋ ಗಾಡಿಲಿ ಇಬ್ರೂ ಒಂದ್ಸಲ ಕುಂತು ಬರ್ರಿ. ಕುಂತ್ ಬಂದ್ವಿ ಅಂತ ನಿನ್ ಬಾಯಿಂದ ಹೇಳು. ಅವತ್ತು ನಂಬ್ತೀನಿ, ಮಂಡಿ ತುಂಬ ಪೇಡ ಹಂಚ್ತೀನಿ."

ಹೀಗೆ ನಮ್ಮ ಪ್ರಯಾಣಕ್ಕೆ ಒಂದು ಘನ ಉದ್ದೇಶ ಲಭಿಸಿತು. ಆದರೆ ಭಾವನಿಗೆ ನಾನು ಹೇಳದೆ ಬಿಟ್ಟ ಒಂದು ಮಾತಿತ್ತು. ಶಶಿ ಹಿಂದಿನ ತಿಂಗಳು ಕೊನೆಯ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಒಂದು ತಿರುವಿನಲ್ಲಿ ವೇಗ ತಗ್ಗಿಸುವುದು ತಡವಾಯಿತು, ಮುಂದಿನ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಬೇಕಾದ ಹಲಗೆಯನ್ನು ದಾಟಿ ನಿಂತಿತು. ಇನ್ನೊಂದು ಅವಕಾಶ ಕೊಟ್ಟಿದ್ದರು, ಒಂದೇ ಒಂದು. ಅದೂ ತಪ್ಪಿದರೆ ಮತ್ತೆ ಟಿಕೆಟ್ ನೋಡುವ ಕೆಲಸ, ಗಾಡಿಯ ಮುಂದಿನ ಬಾಗಿಲು ಅವಳ ಪಾಲಿಗೆ ಮುಚ್ಚಿದ ಹಾಗೆ.

ಕಾರಹುಣ್ಣಿಮೆ ಮುಗಿಸಿಕೊಂಡು ಹೊರಟೆವು. ನಮ್ಮಲ್ಲಿ ಮುಂಗಾರು ಹಿಡಿಯುವಾಗ ಅಲ್ಲಿ ಚಳಿಗಾಲ. ವಿಮಾನ ನಿಲ್ದಾಣದಲ್ಲಿ ಒಂದು ಸರ್ಕಾರಿ ನಾಯಿ ನೂರಾರು ಜನರ ಸಾಮಾನು ದಾಟಿಕೊಂಡು ಬಂದು ಗಿರಿಜೆಯ ಚೀಲವನ್ನು ಮೂಸಿ ಅದರ ಮುಂದೆಯೇ ಕೂತುಬಿಟ್ಟಿತು. ಅವಳ ಶೇಂಗಾ ಚಟ್ನಿಪುಡಿಗೆ ಸಿಕ್ಕ ಮೊದಲ ಅಧಿಕೃತ ಮನ್ನಣೆ ಅದು. ಅಧಿಕಾರಿ ಬಂದು, ತೆರೆದು, ನೋಡಿ, ಏನೇನೋ ಕೇಳಿ, ಕೊನೆಗೆ ಬಿಟ್ಟ. ನಾಯಿಗೆ ಮಾತ್ರ ಇಷ್ಟವಿದ್ದಂತೆ ಕಾಣಲಿಲ್ಲ.

ಹೊರಗೆ ಶಶಿ ನಿಂತಿದ್ದಳು, ಅವಳ ಹಿಂದೆ ಗಾಳಿ. ಆ ಊರಿನ ಗಾಳಿಯ ವಿಷಯ ಎಷ್ಟು ಹೇಳಿದರೂ ಕಡಿಮೆ. ಚಿತ್ರದುರ್ಗದ ಜೋಗಿಮಟ್ಟಿ ಹತ್ತಿದವರಿಗೆ ಗಾಳಿ ಎಂದರೇನೆಂದು ಗೊತ್ತಿರುತ್ತದೆ. ಆದರೆ ಜೋಗಿಮಟ್ಟಿಯಲ್ಲಿ ಸಾಕಾದಾಗ ಇಳಿದು ಮನೆಗೆ ಬರಬಹುದು. ಇಲ್ಲಿ ಜನ ಗಾಳಿಯ ಒಳಗೇ ಸಂಸಾರ ಹೂಡಿದ್ದರು. ಗಿರಿಜೆ ಮಂಕಿ ಟೋಪಿ ಹಾಕಿ, ಸೀರೆಯ ಮೇಲೆ ಮಗಳ ಕೋಟು ತೊಟ್ಟು, ಅದರ ಮೇಲೆ ಊರಿನ ಕಂಬಳಿ ಹೊದ್ದು ಓಡಾಡತೊಡಗಿದಳು. ಯುದ್ಧದಿಂದ ಹಿಂತಿರುಗಿದ ಯಾರೋ ಸೇನಾಧಿಪತಿಯ ಹಾಗೆ ಕಾಣುತ್ತಿದ್ದಳು. ಈ ಹೋಲಿಕೆಯನ್ನು ಆಗಲೇ ಹೇಳಿ ಅದರ ಫಲವನ್ನೂ ಉಂಡಿದ್ದೇನೆ.

ಮಗಳ ಮನೆ ಗುಡ್ಡದ ಮೇಲೆ, ಎರಡು ಕೋಣೆಯದು. ಅಡುಗೆಮನೆಯ ಕಿಟಕಿಯಿಂದ ಕೆಳಗೆ ಸಮುದ್ರ, ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಹಳಿ. ಪರೀಕ್ಷೆಗೆ ಎರಡು ತಿಂಗಳಿತ್ತು. ಬೆಳಿಗ್ಗೆ ಹಿರಿಯ ಡ್ರೈವರೊಬ್ಬರ ಪಕ್ಕದಲ್ಲಿ ಗಾಡಿ ಓಡಿಸುವುದು, ಸಂಜೆ ಬಂದು ಓದುವುದು. ಅಲ್ಲಿನ ಕಟ್ಟಳೆ ಏನೆಂದರೆ ದಾರಿ ಪೂರ್ತಿ ಬಾಯಿಪಾಠವಾಗಿರಬೇಕು. ಎಲ್ಲಿ ಸಿಗ್ನಲ್, ಎಲ್ಲಿ ಸುರಂಗ, ಎಲ್ಲಿ ಇಳಿಜಾರು, ಯಾವ ತಿರುವಿಗೆ ಎಷ್ಟು ವೇಗ, ಯಾವ ಸ್ಟೇಷನ್ನಿಗೆ ಎಲ್ಲಿಂದ ಬ್ರೇಕು. ಮಂಜಿನಲ್ಲಿ ಕಣ್ಣು ಕಾಣದಿದ್ದರೂ ತಲೆಯೊಳಗೆ ಕಾಣಬೇಕು. ಅವಳು ಕಾಗದದ ಮುಂದೆ ಕೂತು ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು, ಅರ್ಧಕ್ಕೆ ಬಂದು ತಪ್ಪುವುದು, ಮತ್ತೆ ಮೊದಲಿನಿಂದ. ಯಾವಾಗಲೂ ಆ ಹಳೇ ತಿರುವಿನ ಹತ್ತಿರವೇ ತಪ್ಪುತ್ತಿದ್ದಳು. ಫೇಲಾದ ಜಾಗ ಮನಸ್ಸಿನಲ್ಲಿ ಗುಂಡಿ ತೋಡಿತ್ತು.

ಇಂಥ ಹೊತ್ತಿನಲ್ಲಿ ಇಲಾಖೆಯ ಅನುಭವಸ್ಥನೊಬ್ಬ ಮನೆಯಲ್ಲಿ ಸುಮ್ಮನೆ ಕೂರುವುದು ಸರಿಯಲ್ಲವೆಂದು ನಾನು ಪರೀಕ್ಷಾಧಿಕಾರಿಯ ಹುದ್ದೆಯನ್ನು ಸ್ವಯಂ ವಹಿಸಿಕೊಂಡೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, "ಹಳದಿ ಸಿಗ್ನಲ್ ಬಿದ್ದಿದೆ. ಏನು ಮಾಡುತ್ತೀರಿ?" ಎಂದೆ. ಅವಳು ಹೇಳಿದಳು. "ತಪ್ಪು" ಎಂದೆ.

"ಅಪ್ಪಾಜಿ, ಇಲ್ಲಿ ಅದೇ ಸರಿ."

"ನಮ್ಮ ರೂಲು ಹಂಗಿಲ್ಲ."

"ನಿಮ್ ರೂಲ್ ಪ್ರಕಾರ ಓಡ್ಸಿದ್ರೆ ಇಲ್ಲಿ ಅವತ್ತೇ ಇಳಿಸಿ ಕಳಿಸ್ತಾರೆ."

ಒಂದು ವಾರದಲ್ಲಿ ನಾನು ನನ್ನ ಮಗಳನ್ನು ಹನ್ನೊಂದು ಬಾರಿಯೋ ಹನ್ನೆರಡು ಬಾರಿಯೋ ಫೇಲು ಮಾಡಿದೆ. ಅವಳ ಮುಖ ದಿನದಿಂದ ದಿನಕ್ಕೆ ಸಣ್ಣಗಾಯಿತು. ಒಂದು ಸಂಜೆ ಗಿರಿಜೆ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

"ಸಾಕು ಎದ್ದೇಳ್ರಿ. ಆ ಕುರ್ಚಿ ಇತ್ಲಾಗ್ ಕೊಡ್ರಿ."

"ನಿನಗೆ ರೈಲಿನ ವಿಷಯ ಏನ್ ಗೊತ್ತು?"

"ನಂಗೆ ಮಗಳ ವಿಷಯ ಗೊತ್ತು. ಏಳ್ರಿ." ಶಶಿಯ ಎದುರಿಗೆ ಕೂತಳು. "ಏನವ್ವ, ಎಲ್ಲಿ ಮರೀತಿ ನೀನು?"

"ಹೆಸರು ನೆಪ್ಪಾಗಲ್ಲಮ್ಮ. ಎಲ್ಲಾ ಒಂದೇ ಥರ ಕಾಣ್ತಾವೆ. ಗುಡ್ಡ, ನೀರು, ಗುಡ್ಡ, ನೀರು."

"ನಿಂಗೆ ನೆಪ್ಪಿರೋ ಹೆಸ್ರು ಇಡು ಮತ್ತೆ. ಮೊದ್ಲಿಂದ ಹೇಳು. ಹೊಂಟ ಕೂಡ್ಲೆ ಏನೈತೆ?"

"ಪಕ್ಕದಾಗೆ ಸಮುದ್ರ."

"ಅದು ಮಾರಿಕಣಿವೆ ಡ್ಯಾಮು. ಮುಂದೆ?"

"ಗಾಳಿ ಜಾಸ್ತಿ ಹೊಡಿಯೋ ಬಯಲು."

"ಜೋಗಿಮಟ್ಟಿ. ಮುಂದೆ?"

"ಸುರಂಗ."

"ಚಂದ್ರವಳ್ಳಿ ಗವಿ. ಸಣ್ಣೋಳಿದ್ದಾಗ ಒಳಗ್ ಹೋಗಿ ಕಿರುಚ್ಕಂಡಿದ್ದಲ್ಲ, ಅದು. ಮುಂದೆ?"

"ಇಳುಕ್ಲು. ಅದಾದ್ಮೇಲೆ ಆ ದರಿದ್ರ ತಿರುವು."

ಗಿರಿಜೆ ಸ್ವಲ್ಪ ಯೋಚಿಸಿದಳು. "ಇಳುಕ್ಲು ಬಾಗೂರು ದಿಣ್ಣೆ. ತಿರುವು ಹೊಳಲ್ಕೆರೆ. ಅಲ್ಲಿ ದೊಡ್ಡ ಗಣಪ್ಪ ಕುಂತವ್ನೆ. ಬಸ್ಸಿನೋರೂ ನಿಧಾನ ಮಾಡಿ ಕೈ ಮುಗುದು ಹೋಗ್ತಾರೆ. ನೀನೂ ಹಂಗೇ ಹೋಗು."

ಇಲ್ಲಿ ನಾನು ಅಧಿಕೃತವಾಗಿ ಪ್ರತಿಭಟಿಸಿದೆ. "ಗಾಡಿ ಓಡಿಸೋಳು ಕೈ ಮುಗಿಯಂಗಿಲ್ಲ."

"ಮನಸ್ನಾಗೆ ಮುಗೀತಾಳೆ ಬಿಡ್ರಿ. ಮುಂದೆ ಹೇಳವ್ವ."

"ದೊಡ್ಡ ಹೊಳೆ, ಸೇತುವೆ."

"ಹಿರಿಯೂರು. ವೇದಾವತಿ ದಾಟಿದ್ರೆ ಹಿರಿಯೂರಲ್ವಾ?"

ನನ್ನಿಂದ ತಡೆಯಲಾಗಲಿಲ್ಲ. ಮಾರಿಕಣಿವೆಯಿಂದ ಹೊರಟು ಜೋಗಿಮಟ್ಟಿ ಹತ್ತಿ, ಗವಿಯೊಳಗೆ ನುಗ್ಗಿ, ಬಾಗೂರಿನಲ್ಲಿ ಇಳಿದು, ಹೊಳಲ್ಕೆರೆಯಲ್ಲಿ ತಿರುಗಿ ಹಿರಿಯೂರು ಸೇರುವ ರೈಲು ದಾರಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲವೆಂದೂ, ಹೊಳಲ್ಕೆರೆ ಒಂದು ದಿಕ್ಕಾದರೆ ಹಿರಿಯೂರು ಇನ್ನೊಂದು ದಿಕ್ಕೆಂದೂ, ಅದಕ್ಕಿಂತ ಮುಖ್ಯವಾಗಿ ಹಿರಿಯೂರಿಗೆ ರೈಲೇ ಇಲ್ಲವೆಂದೂ ದಾಖಲಿಸಿದೆ.

"ಇಲ್ದಿದ್ರೆ ಈಗ ಬಂತು ಅಂದ್ಕಳ್ರಿ" ಎಂದು ಗಿರಿಜೆ ರೊಟ್ಟಿ ಬಡಿಯಲು ಒಳಗೆ ಹೋದಳು. ದೊಡ್ಡ ದೊಡ್ಡವರು ವರ್ಷಗಟ್ಟಲೆ ಮನವಿ ಕೊಟ್ಟರೂ ಬಾರದ ರೈಲನ್ನು ನನ್ನ ಹೆಂಡತಿ ಹಿಟ್ಟಿನ ಕೈಯಲ್ಲಿ ತಂದಿದ್ದಳು.

ಅಂದಿನಿಂದ ಆ ಮನೆಯಲ್ಲಿ ಪ್ರತಿ ಸಂಜೆ ಚಿತ್ರದುರ್ಗ ಜಿಲ್ಲೆ ಅಡ್ಡಾದಿಡ್ಡಿ ಓಡಾಡಿತು. ಒಳಗಿಂದ ರೊಟ್ಟಿಯ ಸದ್ದಿನ ಜೊತೆ "ಮುಂದೆ?" ಎಂಬ ಪ್ರಶ್ನೆ, ಹೊರಗಿಂದ ಶಶಿಯ ಉತ್ತರ. ಒಂದು ಸಿಗ್ನಲ್ಲು ಆದಿವಾಲವೆಂಬ ಊರಾಯಿತು, ಇನ್ನೊಂದು ಅವಳ ಸೋದರತ್ತೆಯ ಮನೆಯಾಯಿತು. "ಅತ್ತೆ ಮನೆ ಮುಂದೆ ಯಾವತ್ತೂ ಕೆಂಪೇ ಇರ್ತೈತೆ" ಎಂದು ಶಶಿ ನಕ್ಕಳು. ನಾವು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅತ್ತೆ ಎಂದರೆ ನನ್ನ ಸ್ವಂತ ತಂಗಿ, ಆದರೂ ನಾನು ಆಕ್ಷೇಪಿಸಲಿಲ್ಲ. ಒಂದೊಂದೇ ತಪ್ಪು ಕಡಿಮೆಯಾಗುತ್ತ ಬಂದು, ಕೊನೆಗೆ ಅವಳು ತರಕಾರಿ ಹೆಚ್ಚುತ್ತಲೇ ಇಡೀ ದಾರಿಯನ್ನು ಹೋಗಿ ವಾಪಸು ಬರುವಷ್ಟಾದಳು.

ಪರೀಕ್ಷೆಯ ದಿನ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಯಾವಾಗ ಬರುತ್ತೀಯ ಎನ್ನಬಾರದು. ಇದು ಗಿರಿಜೆಯ ತವರಿನಿಂದ ಬಂದ ಕಾನೂನು. ಮಗಳೂ ಅದರಲ್ಲೇ ಬೆಳೆದವಳು. "ಬರ್ತೀನಿ" ಎಂದಷ್ಟೇ ಹೇಳಿ ಹೋದಳು. ನಾನು ಕಿಟಕಿಯ ಹತ್ತಿರ ಕೂತು ಕೆಳಗೆ ಹೋಗುವ ಪ್ರತಿ ಗಾಡಿಯನ್ನೂ ಅನುಮಾನದಿಂದ ನೋಡಿದೆ. ಗಿರಿಜೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮಧ್ಯಾಹ್ನ ಬಾಗಿಲು ತೆರೆಯಿತು. ಶಶಿ ಬೂಟು ಬಿಚ್ಚಿದಳು, ಕೈ ತೊಳೆದಳು, ನಿಧಾನವಾಗಿ ಒರೆಸಿಕೊಂಡಳು. ನಾನು ತಲೆಕೆಳಗಾದ ಪತ್ರಿಕೆಯನ್ನು ಓದುತ್ತಿದ್ದೆ.

"ಅಮ್ಮ, ರೊಟ್ಟಿ ಐತಾ?"

"ಐತೆ."

"ಇನ್ಮೇಲೆ ನನ್ನ ಪಕ್ಕ ಯಾರೂ ಕುಂತ್ಕಳಲ್ಲ. ಒಬ್ಳೇ ಓಡಿಸ್ಬೇಕಂತೆ."

ಗಿರಿಜೆ ಅರ್ಥವಾಗದೆ ನನ್ನ ಮುಖ ನೋಡಿದಳು. "ಪಾಸಾದಳು ಕಣೆ" ಎಂದೆ. ನನ್ನ ದನಿ ಎಲ್ಲೋ ಸುರಂಗದೊಳಗಿಂದ ಬಂದ ಹಾಗಿತ್ತು. ತಾಯಿ ಮಗಳಿಬ್ಬರೂ ಅಪ್ಪಿಕೊಂಡು ನಿಂತರು. ನಾನು ಇಲಾಖೆಯ ಶಿಸ್ತಿಗೆ ತಕ್ಕಂತೆ ಕಿಟಕಿಯ ಕಡೆ ತಿರುಗಿ ಸಮುದ್ರವನ್ನು ಪರಿಶೀಲಿಸಿದೆ.

ಊಟಕ್ಕೆ ಕೂತಾಗ ಶಶಿ ಹೇಳಿದಳು. ಆ ತಿರುವಿನ ಹತ್ತಿರ ಅವಳು ವೇಗ ತಗ್ಗಿಸುತ್ತ ಬಾಯಲ್ಲೇ ಏನೋ ಅಂದದ್ದನ್ನು ಪಕ್ಕದಲ್ಲಿದ್ದ ಪರೀಕ್ಷಕರು ಕೇಳಿಸಿಕೊಂಡು, ಗಾಡಿ ನಿಂತ ಮೇಲೆ "ಹೊಳಲ್ಕೆರೆ ಅಂದರೆ ಏನು?" ಎಂದು ವಿಚಾರಿಸಿದರಂತೆ. ಇವಳು, "ಅದೊಂದು ಊರು ಸಾರ್, ಅಲ್ಲಿ ಎಲ್ಲರೂ ನಿಧಾನವಾಗಿ ಹೋಗುತ್ತಾರೆ" ಎಂದಳಂತೆ. ಅವರು ತಲೆದೂಗಿ, ಒಳ್ಳೆಯ ಊರು ಎಂದರಂತೆ. ಹೊಳಲ್ಕೆರೆಯವರಿಗೆ ಈ ಪ್ರಶಂಸೆಯನ್ನು ನಾನು ಇನ್ನೂ ತಲುಪಿಸಿಲ್ಲ. ಈ ಮೂಲಕ ತಲುಪಿಸುತ್ತಿದ್ದೇನೆ.

ಹೊಸದುರ್ಗಕ್ಕೆ ಫೋನು ಮಾಡಿದೆ. "ಭಾವ, ಪಾಸು."

"ಎಷ್ಟು ಡಬ್ಬಿ ಗಾಡಿ?"

"ಒಮ್ಮೊಮ್ಮೆ ನಾಲ್ಕು, ಒಮ್ಮೊಮ್ಮೆ ಎಂಟು."

"ಅಷ್ಟೇನಾ? ನಮ್ ಕಡೆ ಗೂಡ್ಸಿಗೆ ಎಣಿಸಕ್ಕಾಗಲ್ಲ ಡಬ್ಬಿ." ಆಮೇಲೆ, "ಕುಂತು ಬಂದ್ರಾ?" ಎಂದರು.

ಅಲ್ಲೇ ಇತ್ತು ತೊಡಕು. ಪಾಸಾದ ಮೇಲೂ ಕಾಗದಪತ್ರ ಮುಗಿದು ಅವಳಿಗೆ ಒಂಟಿಯಾಗಿ ಗಾಡಿ ಕೊಡುವ ಹೊತ್ತಿಗೆ ಎರಡು ವಾರ ಹಿಡಿಯಿತು. ಮೊದಲ ದಿನ ಬಂದದ್ದು ನಾವು ಹೊರಡುವ ದಿನವೇ. ಬೆಳಿಗ್ಗೆ ಅವಳ ಡ್ಯೂಟಿ, ಸಂಜೆ ನಮ್ಮ ವಿಮಾನ, ಗೌರಿ ಹಬ್ಬಕ್ಕೆ ಊರಿನಲ್ಲಿರಬೇಕು. ಮಗಳ ಗಾಡಿಯಲ್ಲಿ ಕೂರುವುದಿದ್ದರೆ ಆ ಒಂದು ಬೆಳಿಗ್ಗೆ ಮಾತ್ರ.

ಯಾವ ಗಾಡಿ, ಎಷ್ಟು ಹೊತ್ತಿಗೆ? ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಶಶಿ ಇನ್ನೂ ಕತ್ತಲಿರುವಾಗಲೇ ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆದೆ. ಗಿರಿಜೆ ನನ್ನ ಕಾಲು ತುಳಿದಳು. "ಬರ್ತೀನಿ" ಎಂದು ಮಗಳು ಹೋದಳು. ಡ್ಯೂಟಿಯ ಹೊತ್ತಿನಲ್ಲಿ ಅವಳ ಮೊಬೈಲು ಆಫೀಸಿನ ಬೀರುವಿನಲ್ಲಿ, ಫೋನು ಮಾಡಿ ಕೇಳುವಂತೆಯೂ ಇಲ್ಲ.

"ಕೇಳೋಕೆ ಏನಾಗಿತ್ತೆ?"

"ಮೊದ್ಲನೇ ದಿನ ಒಬ್ಳೇ ಹೊಂಟವ್ಳೆ, ಎಲ್ಲಿಗೆ ಅಂತ ಕೇಳ್ತಾರಾ ಯಾರಾದ್ರೂ? ಕೆಳಗೆ ಹೋಗಿ ನಿಂತ್ಕಂಡ್ರೆ ಆತು. ಬರೋ ಗಾಡಿ ನೋಡಾಣ. ಆಕಿ ಇದ್ರೆ ಹತ್ತಾಣ, ಇಲ್ದಿದ್ರೆ ಬಿಡಾಣ."

ರೈಲ್ವೆಯ ಇತಿಹಾಸದಲ್ಲಿ ಡ್ರೈವರಿನ ಮುಖ ನೋಡಿ ಗಾಡಿ ಹತ್ತಿದ ಪ್ರಯಾಣಿಕರು ನಾವೇ ಮೊದಲಿಗರಿರಬೇಕು. ಟಿಕೆಟ್ ತೆಗೆದುಕೊಂಡು ಗುಡ್ಡದ ಬುಡದ ಸ್ಟೇಷನ್ನಿಗೆ ಇಳಿದು ಹೋದೆವು. ಮುಂದಿನ ಡಬ್ಬಿ ನಿಲ್ಲುವ ಹಲಗೆಯ ಪಕ್ಕದಲ್ಲೇ ನಿಂತೆವು. ಮೊದಲ ಗಾಡಿ ಬಂತು, ಗಾಜಿನ ಹಿಂದೆ ಗಡ್ಡದವನೊಬ್ಬ. ಬಿಟ್ಟೆವು. ಎರಡನೆಯದು, ಬೋಳುತಲೆ. ಬಿಟ್ಟೆವು. ನಾಯಿ ಹಿಡಿದು ವಾಕಿಂಗ್ ಬಂದಿದ್ದ ವಯಸ್ಸಾದ ಬಿಳಿಯ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಿದ್ದವರು ಹತ್ತಿರ ಬಂದು, ನಗರಕ್ಕೆ ಹೋಗುವುದಿದ್ದರೆ ಎಲ್ಲ ಗಾಡಿಗಳೂ ಅಲ್ಲಿಗೇ ಹೋಗುತ್ತವೆ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅದು ನಮ್ಮ ಗಾಡಿ ಅಲ್ಲ ಎಂದು ನಾನೂ ಇಂಗ್ಲಿಷಿನಲ್ಲಿಯೇ, ಅಷ್ಟೇ ಬಿಡಿಸಿ ಹೇಳಿದೆ. ಅವರಿಗೆ ನಮ್ಮ ಬಗ್ಗೆ ಕಳವಳವಾಗಿರಬೇಕು. ಮನೆಗೆ ಹೋಗದೆ ಬೆಂಚಿನ ಮೇಲೆ ಕಾವಲು ಕೂತರು. ಇನ್ನೂ ಒಂದಿಷ್ಟು ಗಾಡಿಗಳು ಬಂದವು, ಹೋದವು. ಗಾಳಿ ಅಂದು ನಾನು ಹೊದ್ದಿದ್ದ ಕಂಬಳಿಯನ್ನು ತೂರಿಕೊಂಡು ಬರುತ್ತಿತ್ತು. ಗಿರಿಜೆಯ ಮೂಗು ಕೆಂಪಾಗಿತ್ತು.

"ಮನೆಗೆ ಹೋಗಾಣೇನೆ?" ಎಂದೆ.

"ನೀವ್ ಹೋಗ್ರಿ."

ಆಮೇಲೆ ತಿರುವಿನಲ್ಲಿ ಒಂದು ಗಾಡಿ ಕಾಣಿಸಿತು. ಗಾಜಿನ ಹಿಂದಿನ ಮುಖ ಕಾಣುವ ಮೊದಲೇ ಗಿರಿಜೆ ನನ್ನ ತೋಳು ಹಿಡಿದಳು. ನೆಟ್ಟನೆ ಕೂತ ಭುಜ, ಎತ್ತಿ ಕಟ್ಟಿದ ಕೂದಲು. ಗಾಡಿ ಗದ್ದಲವಿಲ್ಲದೆ ವೇಗ ಇಳಿಸಿಕೊಳ್ಳುತ್ತ, ಇಳಿಸಿಕೊಳ್ಳುತ್ತ ಬಂದು ಹಲಗೆಯ ಎದುರಿಗೆ ನಿಂತಿತು. ಒಂದು ಗೇಣು ಹಿಂದಿಲ್ಲ, ಒಂದು ಗೇಣು ಮುಂದಿಲ್ಲ. ಕಾದ ಕಬ್ಬಿಣದ ವಾಸನೆ ಬಂತು. ನನ್ನ ಮಗಳು ನನ್ನಿಂದ ಎರಡು ಮಾರು ದೂರದಲ್ಲಿದ್ದಳು.

ಗಿರಿಜೆ ಕೈ ಎತ್ತಿದಳು. ಶಶಿ ನೋಡಲಿಲ್ಲ. ಅವಳ ಕಣ್ಣು ಒಮ್ಮೆ ಬಾಗಿಲುಗಳ ಕನ್ನಡಿಗೆ ಹೋಯಿತು, ಒಮ್ಮೆ ಮುಂದಿನ ಸಿಗ್ನಲ್ಲಿಗೆ ಹೋಯಿತು. ಮಂಕಿ ಟೋಪಿಯ ತಾಯಿಯೂ ಕಂಬಳಿಯ ತಂದೆಯೂ ಅವಳ ಲೋಕದಲ್ಲಿ ಆ ಗಳಿಗೆ ಇರಲೇ ಇಲ್ಲ. ಬಾಗಿಲು ಮುಚ್ಚಿತು. ಗಾಡಿ ಕದಲಿತು.

ಗಾಡಿ ಕದಲಿದ ಕ್ಷಣ ನನ್ನ ಮೈಯಲ್ಲಿ ಏನೋ ತಾನಾಗಿ ನಡೆಯಿತು. ಕಂಬಳಿ ಸರಿಸಿ ನೆಟ್ಟಗೆ ನಿಂತೆ. ಒಂದೊಂದೇ ಡಬ್ಬಿಯ ಗಾಲಿ, ಬಾಗಿಲು ನೋಡುತ್ತ ಹೋದೆ. ಕೊನೆಯ ಡಬ್ಬಿಯ ಕೆಂಪು ದೀಪ ದಾಟಿದಾಗ ಹಸಿರು ಬಾವುಟ ಹಿಡಿಯುತ್ತಿದ್ದ ಬಲಗೈಯನ್ನು ಪಕ್ಕಕ್ಕೆ ಚಾಚಿ ಎಲ್ಲ ಸರಿ ಎಂದು ತೋರಿಸಿದೆ. ಆ ದೀಪ ತಿರುವಿನಲ್ಲಿ ಮರೆಯಾಗುವವರೆಗೆ ಕೈ ಇಳಿಸಲಿಲ್ಲ.

ಗಿರಿಜೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಒಂದ್ಸಲನಾದ್ರೂ ನಮ್ ಕಡೆ ತಿರುಗಿ ನೋಡ್ಲಿಲ್ವಲ್ರೀ."

"ನೋಡಿದ್ರೆ ನಾನೇ ಕಂಪ್ಲೇಂಟ್ ಬರೀತಿದ್ದೆ" ಎಂದೆ. ಅಂಥ ಹೆಮ್ಮೆಯಿಂದ ನಾನು ಬೇರೆ ಯಾವ ಮಾತನ್ನೂ ಆಡಿಲ್ಲ.

ಬೆಂಚಿನಿಂದ ಎದ್ದು ಬಂದ ಆ ಹೆಂಗಸು ಬಹಳ ಮೆಲ್ಲಗೆ, ಮಕ್ಕಳಿಗೆ ಹೇಳುವಂತೆ, ಇದನ್ನೂ ಬಿಟ್ಟಿರಲ್ಲ ಎಂದರು. ನಾನು ಗಿರಿಜೆಯನ್ನು ನೋಡಿದೆ, ಗಿರಿಜೆ ನನ್ನ ಕೈಯಲ್ಲಿದ್ದ ಎರಡು ಟಿಕೆಟುಗಳನ್ನು ನೋಡಿದಳು.

"ಹತ್ತೋದೇ ಮರ್ತ್ವಲ್ರೀ" ಎಂದಳು. ಬರುವ ನಗುವನ್ನು ತಡೆಯಲು ಟೋಪಿಯನ್ನು ಬಾಯಿಯವರೆಗೆ ಎಳೆದುಕೊಂಡಳು. "ಅಣ್ಣ ಕೇಳಿದ್ರೆ ಏನ್ ಹೇಳ್ತೀರ ಈಗ?"

"ಕುಂತ್ಕಳ್ಳಿಲ್ಲ ಅಂತ ಹೇಳ್ತೀನಿ" ಎಂದೆ. "ನನ್ ಮಗಳ ಗಾಡೀನ ನಾನೇ ನಿಂತು ಕಳಿಸಿದೆ ಅಂತ ಹೇಳ್ತೀನಿ."